ಅದೇ ಮಾತುಗಳನ್ನು ದಿನವೂ ಹೇಳಿದರೆ ದೇವರು ಹತ್ತಿರವಾಗುತ್ತಾರೆಯೇ?

ಬೆಳಗಾವಿಯಲ್ಲಿ ಕಥೋಲಿಕರಾಗಿ ಬಾಳುವವರಿಗೆ ಈ ಪ್ರಶ್ನೆ ಎರಡು ಕಡೆಯಿಂದ ಬರುತ್ತದೆ. ಜಪಸರ ಹಿಡಿದು ‘ನಮೋ ಮರಿಯಾ’ ಎಂದು ಐವತ್ತಕ್ಕೂ ಹೆಚ್ಚು ಸಲ ಹೇಳುತ್ತೀರಲ್ಲ, ದೇವರಿಗೆ ಒಮ್ಮೆ ಹೇಳಿದರೆ ಕೇಳಿಸುವುದಿಲ್ಲವೇ ಎಂದು ಕಚೇರಿಯ ಗೆಳೆಯರು ಕೇಳುತ್ತಾರೆ. ನಮ್ಮದೇ ಧರ್ಮಕೇಂದ್ರದ ಕಾಲೇಜು ಹುಡುಗರ ಪ್ರಶ್ನೆ ಇನ್ನೂ ನೇರವಾಗಿರುತ್ತದೆ: ಬಾಯಿಪಾಠದ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುವುದಿಲ್ಲ, ಕೇಳಿದ್ದೂ ಸಿಗುವುದಿಲ್ಲ, ಹೀಗಿರುವಾಗ ದೇವರ ಮೇಲೆ ಭರವಸೆ ಬೆಳೆಯುವುದಾದರೂ ಹೇಗೆ? ಇಬ್ಬರಿಗೂ ನಾನು ಕೊಡುವ ಉತ್ತರ ಒಂದೇ. ಭರವಸೆ ಹುಟ್ಟಲಿ, ಆಮೇಲೆ ಪ್ರಾರ್ಥಿಸೋಣ ಎನ್ನುವವರು ಬಹಳ ಕಾಲ ಕಾಯಬೇಕಾದೀತು. ಹಿರಿಯರಿಂದ ಬಂದ ಮಾತುಗಳನ್ನು ಬಾಯಲ್ಲಿಟ್ಟುಕೊಂಡು, ಮನಸ್ಸು ಜೊತೆಗೆ ಬಂದರೂ ಬಾರದಿದ್ದರೂ ಎದ್ದುಹೋಗದೆ ಕುಳಿತವರಲ್ಲಿ ಅದು ತಾನಾಗಿ ಬೇರು ಬಿಡುತ್ತದೆ.

ಹೇಳಿದ್ದನ್ನೇ ಹೇಳುವುದರ ವಿರುದ್ಧ ಬೈಬಲ್ಲಿನಿಂದಲೇ ಸಾಕ್ಷಿ ತರುವವರಿದ್ದಾರೆ. ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯವರು ಬರಿಯ ಮಾತುಗಳನ್ನು ಪೇರಿಸಬೇಡಿ ಎಂದಿರುವುದು ನಿಜ. ಆದರೆ ಮಾತು ಹೆಚ್ಚಿದಷ್ಟೂ ದೇವರು ಮಣಿಯುತ್ತಾರೆಂಬ ಲೆಕ್ಕಾಚಾರವನ್ನು ಅವರು ಅಲ್ಲಿ ತಡೆದರೇ ಹೊರತು ಕಲಿತ ಪ್ರಾರ್ಥನೆಯನ್ನು ತಡೆಯಲಿಲ್ಲ. ಆ ಮಾತಿನ ಬೆನ್ನಿಗೇ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಸಿದ್ಧ ಪ್ರಾರ್ಥನೆಯೊಂದನ್ನು ಶಿಷ್ಯರಿಗೆ ಕಲಿಸಿದರು. ಅದೇ ಶುಭಸಂದೇಶದ 26ನೆಯ ಅಧ್ಯಾಯಕ್ಕೆ ಬಂದರೆ, ಅವರನ್ನು ಹಿಡಿದುಕೊಟ್ಟ ರಾತ್ರಿ ಗೆತ್ಸೆಮನಿ ತೋಟದಲ್ಲಿ ಅವರು ಮೂರನೆಯ ಸಲವೂ ಮೊದಲಿನ ಮಾತುಗಳನ್ನೇ ಹೇಳಿ ಪ್ರಾರ್ಥಿಸಿದರೆಂದು ಬರೆದಿದೆ. ಸಂಕಟ ಗಂಟಲಿಗೆ ಬಂದಾಗ ಹೊಸ ವಾಕ್ಯ ಕಟ್ಟುವ ತ್ರಾಣ ಯಾರಿಗಿರುತ್ತದೆ? ಅಂಥ ಹೊತ್ತಿಗೆ ನಾಲಗೆಯ ಮೇಲೆ ಏನಿರಬೇಕೋ ಅದನ್ನು ಸಂಕಟವಿಲ್ಲದ ದಿನಗಳಲ್ಲಿಯೇ ಕೂಡಿಟ್ಟುಕೊಂಡಿರಬೇಕಾಗುತ್ತದೆ.

ಹಾಗೆ ನೋಡಿದರೆ ಈ ಪ್ರಶ್ನೆ ನಮ್ಮ ಊರಿನಲ್ಲಿ ಹುಟ್ಟುವುದೇ ನನಗೆ ಸೋಜಿಗ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು ದಿನವೂ ಪಂಚಾಕ್ಷರಿ ಜಪಿಸುವವರಾಗಲಿ, ‘ಜ್ಞಾನೋಬಾ ತುಕಾರಾಮ’ ಎನ್ನುತ್ತ ಪಂಢರಪುರದ ವಾರಿಗೆ ನಡೆಯುವವರಾಗಲಿ ನನ್ನನ್ನು ಹೀಗೆ ಕೇಳಿದ್ದು ಕಡಿಮೆ. ಕೇಳುವವರು ಬಹುಮಟ್ಟಿಗೆ ಯಾವ ಜಪವನ್ನೂ ಮಾಡದವರು.

ಅಕ್ಟೋಬರ್ ನಮಗೆ ಜಪಸರದ ತಿಂಗಳು. ಕ್ಯಾಂಪ್ ಪ್ರದೇಶದ ಮನೆಗಳಲ್ಲಿ ಸಂಜೆಯಾದರೆ ನೆರೆಹೊರೆಯವರು ಕೂಡುತ್ತಾರೆ. 1953ರಲ್ಲಿ ರೂಪುಗೊಂಡ ಬೆಳಗಾವಿ ಧರ್ಮಕ್ಷೇತ್ರದ, ಅಂದರೆ ಇಲ್ಲಿಯ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶದ, ಜನರ ಮನೆಮಾತು ಒಂದೇ ಅಲ್ಲವಾದ್ದರಿಂದ ಹತ್ತು ಮಣಿಗಳನ್ನು ಕೊಂಕಣಿಯವರು ನಡೆಸಿದರೆ ಮುಂದಿನ ಹತ್ತನ್ನು ಮರಾಠಿಯವರೋ ತಮಿಳರೋ ಕನ್ನಡಿಗರೋ ನಡೆಸುತ್ತಾರೆ. ಮೊದಲರ್ಧವನ್ನು ಒಬ್ಬರು ಹೇಳುತ್ತಾರೆ. ‘ಸಂತ ಮರಿಯಾ, ದೇವಮಾತೆಯೇ’ ಎಂಬಲ್ಲಿಂದ ಉಳಿದರ್ಧವನ್ನು ಎಲ್ಲರೂ ಕೂಡಿ ಹೇಳುತ್ತಾರೆ. ಇಂಥ ಕೂಟಗಳಿಗೆ ತಪ್ಪದೆ ಬರುವ ವಯಸ್ಸಾದ ತಾಯಿಯೊಬ್ಬರಿದ್ದಾರೆ. ಮೊಣಕಾಲು ಮಡಚಲಾಗದ ಅವರು ಗೋಡೆಗೆ ಒರಗಿ ಕಾಲು ಚಾಚಿ ಕೂಡುತ್ತಾರೆ, ತಮಿಳಿನ ಮೊದಲರ್ಧಕ್ಕೂ ಕನ್ನಡದಲ್ಲಿಯೇ ಉತ್ತರ ಕೊಡುತ್ತಾರೆ, ಮೂರನೆಯ ರಹಸ್ಯದ, ಅಂದರೆ ಮೂರನೆಯ ಹತ್ತು ಮಣಿಗಳ, ಹೊತ್ತಿಗೆ ತೂಕಡಿಸುತ್ತಾರೆ. ಮಣಿಯ ಮೇಲಿನ ಬೆರಳು ಇದ್ದಲ್ಲಿಯೇ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಎಚ್ಚರಾದಾಗ, ಗುಂಪು ಎಲ್ಲಿದೆಯೋ ಅಲ್ಲಿಗೇ ‘ಈಗಲೂ ನಮ್ಮ ಮರಣ ಸಮಯದಲ್ಲಿಯೂ’ ಎಂದು ದನಿಗೂಡಿಸುತ್ತಾರೆ. ನಡುವೆ ತಪ್ಪಿದ ಮಣಿಗಳ ಚಿಂತೆ ಅವರಿಗಿಲ್ಲ. ಧ್ಯಾನದ ಬಗ್ಗೆ ಬಹಳ ಓದಿಕೊಂಡವರಲ್ಲಿಯೂ ಇಷ್ಟು ನಿಶ್ಚಿಂತೆಯನ್ನು ನಾನು ಕಂಡಿಲ್ಲ.

ಇದನ್ನು ಅಸಡ್ಡೆ ಎನ್ನುವವರು ಲಿಸ್ಯುವಿನ ಸಂತ ತೆರೇಸಾ ಅವರನ್ನು ನೆನೆಯಬೇಕು. 24ನೆಯ ವಯಸ್ಸಿನಲ್ಲಿ, 1897ರಲ್ಲಿ, ತೀರಿಕೊಂಡ ಈ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀ ತಾವು ಪ್ರಾರ್ಥನೆಯ ಹೊತ್ತಿನಲ್ಲಿ ನಿದ್ದೆಹೋಗುವುದನ್ನು ಮುಚ್ಚಿಡದೆ ಬರೆದರು. ಮಕ್ಕಳು ಎಚ್ಚರವಿದ್ದಾಗ ಎಷ್ಟು ಪ್ರಿಯರೋ ಮಲಗಿದಾಗಲೂ ಹೆತ್ತವರಿಗೆ ಅಷ್ಟೇ ಪ್ರಿಯರಲ್ಲವೇ ಎಂಬುದು ಅವರ ಸಮಾಧಾನವಾಗಿತ್ತು. ಒಬ್ಬರೇ ಕುಳಿತು ಜಪಸರ ಹೇಳುವುದು ತಮಗೆ ದೇಹದಂಡನೆಗಿಂತ ಕಷ್ಟವೆಂದೂ ಅವರು ಬರೆದಿದ್ದಾರೆ. ಜಪಸರ ಬೇಸರ ತರುತ್ತದೆ ಎಂದು ನಾಚಿಕೊಂಡು ಹೇಳುವ ಹುಡುಗರಿಗೆ ನಾನು ಮೊದಲು ತಿಳಿಸುವುದು ಇದನ್ನೇ. ಲಿಸ್ಯುವಿನ ತೆರೇಸಾ ಅವರಿಗಿಂತ ಮುನ್ನೂರು ವರ್ಷ ಹಿಂದಿನ ಅವಿಲಾದ ಸಂತ ತೆರೇಸಾ, ಪ್ರಾರ್ಥನೆಯ ವಿಷಯದಲ್ಲಿ ಧರ್ಮಸಭೆ 1970ರಲ್ಲಿ ಪಂಡಿತೆಯೆಂದು ಸಾರಿದ ಆ ಮಹಾತಾಯಿ, ಎಷ್ಟೋ ವರ್ಷ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತೆಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದವರು. ಆದರೂ ಅವರು ಎದ್ದುಹೋಗಲಿಲ್ಲ. ನಮ್ಮನ್ನು ಪ್ರೀತಿಸುವರೆಂದು ನಾವು ಬಲ್ಲವರೊಡನೆ ಮತ್ತೆ ಮತ್ತೆ ಏಕಾಂತದಲ್ಲಿ ನಡೆಸುವ ಗೆಳೆತನದ ಮಾತುಕತೆಯೇ ಪ್ರಾರ್ಥನೆ ಎಂದು ಅವರು ಮುಂದೆ ಬರೆದರು. ಪ್ರೀತಿ ನಮಗೆ ಆ ಕ್ಷಣದಲ್ಲಿ ಅನುಭವಕ್ಕೆ ಬರಲೇಬೇಕೆಂಬ ಷರತ್ತು ಆ ಮಾತಿನಲ್ಲಿ ಇಲ್ಲ.

ಕೇಳಿದ್ದು ಸಿಗದಿದ್ದಾಗ ಏನು ಮಾಡಬೇಕು ಎಂಬುದು ಹೆಚ್ಚು ಕಠಿಣ. ಸೋಮವಾರ ಹಿಡಿಯುವುದು, ಗುರುವಾರ ಹಿಡಿಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ; ನಮ್ಮಲ್ಲಿಯೂ ಸಂತ ಅಂತೋನಿಯವರ ನೊವೇನಕ್ಕೆಂದು, ಅಂದರೆ ಒಂಬತ್ತು ವಾರಗಳ ಪ್ರಾರ್ಥನೆಗೆಂದು, ಮಂಗಳವಾರ ಹಿಡಿಯುವವರಿದ್ದಾರೆ, ಹಿಂದೂಗಳೂ ಅವರ ಜೊತೆ ಮೇಣದಬತ್ತಿ ಹಚ್ಚುತ್ತಾರೆ. ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ, ಕೇಳುವುದಕ್ಕೂ ನಂಬಿಕೆ ಬೇಕು. ಆದರೆ ಒಂಬತ್ತು ವಾರ ಮುಗಿದ ಕೂಡಲೇ ಫಲವನ್ನು ತಾಳೆ ನೋಡಿ, ಸಿಗದಿದ್ದರೆ ಬೇರೆ ಸಂತರ ಬಳಿ ಹೋಗುವವರಲ್ಲಿ ಭರವಸೆ ಬಲಿಯಲು ಅವಕಾಶವೇ ಇರುವುದಿಲ್ಲ. ಗೆತ್ಸೆಮನಿಯಲ್ಲಿ ಯೇಸುಸ್ವಾಮಿಯವರು ಈ ಸಂಕಟದ ಪಾತ್ರೆ ನನ್ನಿಂದ ತಪ್ಪಲಿ ಎಂದು ಕೇಳಿದ್ದೂ ಈಡೇರಲಿಲ್ಲ. ಆ ಪಾತ್ರೆ ತಪ್ಪಲಿಲ್ಲ. ‘ನಿಮ್ಮ ಚಿತ್ತ ನೆರವೇರಲಿ’ ಎಂಬುದು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿಯೂ ಇದೆ, ಆ ರಾತ್ರಿಯ ಪ್ರಾರ್ಥನೆಯಲ್ಲಿಯೂ ಇದೆ.

ಹಾಗೆಂದು ಎಲ್ಲವನ್ನೂ ನಗುನಗುತ್ತ ಒಪ್ಪಿಕೊಳ್ಳಬೇಕೆಂದು ಧರ್ಮಸಭೆ ಹೇಳುವುದಿಲ್ಲ. ಅದರ ನಿತ್ಯಪ್ರಾರ್ಥನೆಯ ತಿರುಳು ಬೈಬಲ್ಲಿನ ಕೀರ್ತನೆಗಳು. ಅವುಗಳಲ್ಲಿ 88ನೆಯದು ಕತ್ತಲಿನಲ್ಲಿ ಶುರುವಾಗಿ ಕತ್ತಲಿನಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಗುರುಗಳೂ ಕನ್ಯಾಸ್ತ್ರೀಯರೂ ಶುಕ್ರವಾರದ ರಾತ್ರಿ ಮಲಗುವ ಮುನ್ನ ಅದನ್ನು ಹೇಳುತ್ತಾರೆ, ತಮಗೆ ಅಂದು ದುಃಖವಿರಲಿ ಇಲ್ಲದಿರಲಿ. ದೂರು ಹೇಳುವುದು ಹತ್ತಿರದವರಿಗೇ ಅಲ್ಲವೇ? ದೂರನ್ನು ನುಂಗಿಕೊಂಡು ದೇವರ ಮುಂದೆ ಸಭ್ಯರಾಗಿ ನಿಲ್ಲುವವರು ಅಷ್ಟರಮಟ್ಟಿಗೆ ದೂರದಲ್ಲಿಯೇ ನಿಂತಿರುತ್ತಾರೆ.

ಇನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಹೊಸದೇನನ್ನೂ ಹುಡುಕಬೇಡಿ ಎನ್ನುತ್ತೇನೆ. ಮನಸ್ಸು ಬರಡಾಗಿ ಒಂದು ಯೋಚನೆಯೂ ಹುಟ್ಟದಿದ್ದಾಗ ಲಿಸ್ಯುವಿನ ತೆರೇಸಾ ಬಹಳ ನಿಧಾನವಾಗಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿಕೊಳ್ಳುತ್ತಿದ್ದರು. 1856ರಲ್ಲಿ ನಮ್ಮ ಊರಿನ ಸೇಂಟ್ ಪಾಲ್ಸ್ ಶಾಲೆಯನ್ನು ಸ್ಥಾಪಿಸಿದ ಯೇಸುಸಭೆಯ (ಜೆಸುಯಿಟ್ ಸಂಘದ) ಮೂಲಪುರುಷರಾದ ಲೊಯೋಲಾದ ಸಂತ ಇಗ್ನೇಷಿಯಸ್ ಅದಕ್ಕೊಂದು ಕ್ರಮವನ್ನೇ ಹಾಕಿಕೊಟ್ಟಿದ್ದಾರೆ. ಕುಳಿತೋ ಮೊಣಕಾಲೂರಿಯೋ, ಕಣ್ಣು ಮುಚ್ಚಿ ಅಥವಾ ಒಂದೆಡೆ ನೆಟ್ಟು, ಅತ್ತಿತ್ತ ನೋಡದೆ ‘ತಂದೆಯೇ’ ಎಂದು ಹೇಳಿ, ಆ ಒಂದು ಮಾತಿನಲ್ಲಿ ಅರ್ಥವೂ ರುಚಿಯೂ ಸಿಗುತ್ತಿರುವವರೆಗೆ ಮುಂದಿನದಕ್ಕೆ ಹೋಗಬಾರದು. ಒಂದೆರಡು ಮಾತುಗಳಲ್ಲಿಯೇ ಇಡೀ ಗಂಟೆ ಕಳೆದುಹೋದರೆ ಉಳಿದ ಭಾಗವನ್ನು ಎಂದಿನಂತೆ ಹೇಳಿ ಮುಗಿಸಬೇಕು. ಮರುದಿನ ಧ್ಯಾನಿಸಿ ಮುಗಿದ ಮಾತುಗಳನ್ನು ಎಂದಿನಂತೆ ಹೇಳಿ, ಅವುಗಳ ಮುಂದಿನ ಮಾತಿನ ಮೇಲೆ ನಿಲ್ಲಬೇಕು.