ಪದವರ್ಗದ ಪ್ರಶ್ನೆ ಬೇರೆ, ವಿಧೇಯದ ಪ್ರಶ್ನೆ ಬೇರೆ

ವಾಕ್ಯದ ಪ್ರತಿ ಪದಕ್ಕೂ ವ್ಯಾಕರಣದ ಟ್ಯಾಗ್ ಹಚ್ಚಿ, ಕಂಪ್ಯೂಟರ್ ಓದಬಲ್ಲ ದತ್ತಾಂಶವನ್ನು ಸಿದ್ಧಪಡಿಸುವುದು ನನ್ನ ಕೆಲಸ. ಹಲವು ಭಾಷೆಗಳಿಗೆ ಒಂದೇ ಬಗೆಯ ಟ್ಯಾಗ್ ಹಚ್ಚಲು ನಾವು ಅನುಸರಿಸುವ ಯೂನಿವರ್ಸಲ್ ಡಿಪೆಂಡೆನ್ಸೀಸ್ ಪದ್ಧತಿಯಲ್ಲಿ ನಾಮಪದ, ಕ್ರಿಯಾಪದ ಮುಂತಾದ ಪದವರ್ಗಗಳಿಗೆ 17 ಟ್ಯಾಗ್‌ಗಳಿವೆ; ವಾಕ್ಯದಲ್ಲಿ ಪದ ವಹಿಸುವ ಪಾತ್ರವನ್ನು ಬೇರೊಂದು ಅಂಕಣದಲ್ಲಿ ಬರೆಯುತ್ತೇವೆ. ಈ ಎರಡು ಅಂಕಣಗಳಲ್ಲಿ ಒಂದರ ನೆರಳಿನಂತೆ ಇನ್ನೊಂದನ್ನು ತುಂಬಬಾರದು ಎಂಬುದೇ ಈ ವೃತ್ತಿ ನನಗೆ ಕಲಿಸಿದ ಮುಖ್ಯ ಪಾಠ.

ವಾಕ್ಯದಲ್ಲಿ ಕರ್ತೃವಿನ ಬಗ್ಗೆ ಏನನ್ನಾದರೂ ಹೇಳುವ ಭಾಗವೇ ವಿಧೇಯ. ವಿಧೇಯವೆಂದರೆ ಕ್ರಿಯಾಪದ ಎಂಬ ಎಣಿಕೆ ಕನ್ನಡಕ್ಕೇ ಒಗ್ಗುವುದಿಲ್ಲ. ‘ಅವಳು ವೈದ್ಯೆ’ ಎಂಬಲ್ಲಿ ನಾಮಪದವೇ ವಿಧೇಯ. ‘ದೊಡ್ಡ ಮನೆ’ ಎಂಬಲ್ಲಿ ಪ್ರತ್ಯಯವಿಲ್ಲದೆ ನಿಲ್ಲುವ ಗುಣವಾಚಕ ವಿಧೇಯವಾಗಬೇಕಾದರೆ ‘ಮನೆ ದೊಡ್ಡದು’ ಎಂದು ರೂಪ ಬದಲಿಸಿಕೊಳ್ಳಬೇಕು. ನಾಮಪದ ವಿಧೇಯಕ್ಕೂ ಕ್ರಿಯಾಪದ ವಿಧೇಯಕ್ಕೂ ಇರುವ ಭೇದವನ್ನು ನಿಷೇಧವೂ ಕಾಯುತ್ತದೆ: ‘ವೈದ್ಯೆಯಲ್ಲ’, ಆದರೆ ‘ಬರಲಿಲ್ಲ’. ರಷ್ಯನ್ ಭಾಷೆಯಲ್ಲಿ ವರ್ತಮಾನದ ನಾಮಪದ ವಿಧೇಯಕ್ಕೆ ‘ಇರು’ ಎಂಬರ್ಥದ ಕ್ರಿಯಾಪದ ಸಾಮಾನ್ಯವಾಗಿ ಬೇಕಿಲ್ಲ, ಭೂತಕಾಲಕ್ಕೆ ಬೇಕು. ಜಪಾನಿ ಭಾಷೆಯಲ್ಲಿ ‘ಎತ್ತರದ’ ಎಂಬರ್ಥದ ‘ತಕಾಯ್’ ಭೂತಕಾಲದಲ್ಲಿ ತಾನೇ ‘ತಕಾಕತ್ತ’ ಆಗುತ್ತದೆ. ‘ಶಾಂತ’ ಎಂಬರ್ಥದ ‘ಶಿಜುಕ’ ಹಾಗೆ ಕಾಲಪ್ರತ್ಯಯ ಪಡೆಯದೆ, ‘ಆಗಿದೆ’, ‘ಆಗಿತ್ತು’ ಎಂಬರ್ಥದ ‘ದ’, ‘ದತ್ತ’ ಎಂಬ ರೂಪಗಳನ್ನು ಆಶ್ರಯಿಸುತ್ತದೆ. ಅರ್ಥವನ್ನಷ್ಟೇ ನೋಡಿದರೆ ಎರಡೂ ಗುಣವಾಚಕಗಳೇ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕೆನಡಾದ ವ್ಯಾಂಕೂವರ್ ದ್ವೀಪದ ನೂಚಾನುಲ್ತ್ ಭಾಷೆ. ಭಾಷಾವಿಜ್ಞಾನಿ ಮಾರಿಸ್ ಸ್ವಾಡೆಶ್ 1939ರಲ್ಲಿ ಪ್ರಕಟಿಸಿದ ವಿವರಣೆಯ ಪ್ರಕಾರ, ‘ಮನುಷ್ಯ’ ಮತ್ತು ‘ಕೆಲಸ ಮಾಡು’ ಎಂಬರ್ಥದ ಎರಡು ಪದಗಳಲ್ಲಿ ಯಾವುದಕ್ಕೆ ಬೇಕಾದರೂ ವಿಧೇಯದ ಪ್ರತ್ಯಯ ಹತ್ತಬಹುದು. ‘ಆ ಮನುಷ್ಯ ಕೆಲಸ ಮಾಡುತ್ತಿದ್ದಾನೆ’ ಎಂದಂತೆಯೇ ‘ಕೆಲಸ ಮಾಡುತ್ತಿರುವವನು ಮನುಷ್ಯ’ ಎಂದೂ ಹೇಳಬಹುದು. ಇಷ್ಟಕ್ಕೇ ಆ ಭಾಷೆಯಲ್ಲಿ ನಾಮಪದ, ಕ್ರಿಯಾಪದಗಳ ಭೇದವೇ ಇಲ್ಲವೆಂದು ತೀರ್ಮಾನಿಸುವುದು ಅವಸರವಾದೀತು. ‘ಮನುಷ್ಯ’ ಎಂಬರ್ಥದ ಪದ ನಿರ್ದೇಶಕ ಪ್ರತ್ಯಯವಿಲ್ಲದೆಯೂ, ಎಂದರೆ ‘ಆ’ ಎಂದು ನಿರ್ದಿಷ್ಟವಾಗಿ ತೋರಿಸುವ ಪ್ರತ್ಯಯವಿಲ್ಲದೆಯೂ, ಕರ್ತೃವಾಗಬಲ್ಲದು, ‘ಕೆಲಸ ಮಾಡು’ ಎಂಬರ್ಥದ ಪದಕ್ಕೆ ಆ ಪ್ರತ್ಯಯ ಬೇಕೇ ಬೇಕು ಎಂದು ಭಾಷಾವಿಜ್ಞಾನಿ ವಿಲಿಯಂ ಜೇಕಬ್ಸನ್ 1979ರಲ್ಲಿ ತೋರಿಸಿದರು. ಅಂದರೆ ಭೇದ ಅಳಿದಿಲ್ಲ, ವಿಧೇಯದ ಸ್ಥಾನದಲ್ಲಿ ಕಾಣಿಸದೆ ಕರ್ತೃವಿನ ಸ್ಥಾನದಲ್ಲಿ ಕಾಣಿಸುತ್ತದೆ. ಈ ಒಳನೋಟವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಹೀಗಾಗಿ, ಹೊಸ ಭಾಷೆಯೊಂದರ ಕೆಲಸ ಬಂದಾಗ ಪದಪಟ್ಟಿಯಿಂದ ಆರಂಭಿಸುವುದನ್ನು ನಾನು ಒಪ್ಪುವುದಿಲ್ಲ. ಭಾಷಾವಿಜ್ಞಾನಿ ಲಿಯೋನ್ ಸ್ಟಾಸೆನ್ ಗುರುತಿಸಿದ ನಾಲ್ಕು ಬಗೆಯ, ಎಂದರೆ ಘಟನೆ, ಗುಣ, ವರ್ಗ ಮತ್ತು ಸ್ಥಳವನ್ನು ಹೇಳುವ ವಾಕ್ಯಗಳನ್ನು ಆ ಭಾಷಿಕರಿಂದ ಮೊದಲು ಪಡೆದು, ಪ್ರತಿಯೊಂದನ್ನೂ ಭೂತಕಾಲದಲ್ಲಿ ಮತ್ತು ನಿಷೇಧದಲ್ಲಿ ಮತ್ತೆ ಕೇಳುತ್ತೇನೆ. ವಿಧೇಯವಾಗಲು ಯಾವ ಪದಕ್ಕೆ ಯಾವ ಆಸರೆ ಬೇಕೆಂಬುದು ಅಲ್ಲಿ ತಿಳಿದ ಮೇಲೆಯೇ ಪದವರ್ಗದ ಅಂಕಣಕ್ಕೆ ಕೈ ಹಾಕುತ್ತೇನೆ.