‘ಸರ್, ನೀವು ಎಲ್ಲಿವರೆಗೆ ಆಡಿದ್ರಿ?’

ನನ್ನ ರೂಮಿಗೆ ಬಂದವರ ಕಣ್ಣು ಮೊದಲು ಹೋಗುವುದು ಗಾಜಿನ ಬೀರುವಿನ ಕಡೆಗೆ. ಅದರ ತುಂಬ ಅಂತರ ಕಾಲೇಜು ವಾಲಿಬಾಲ್ ಟ್ರೋಫಿಗಳು. ಜಾಗ ಸಾಲದೆ ಕೆಲವನ್ನು ಬೀರುವಿನ ಮೇಲೆ ಇಟ್ಟಿದ್ದೇನೆ. ಮಳೆಗಾಲ ಬಂತೆಂದರೆ ಅವುಗಳ ಮರದ ಪೀಠಕ್ಕೆ ಬೂಷ್ಟು ಹಿಡಿಯುತ್ತದೆ. ಬಂದವರು ಟ್ರೋಫಿ ನೋಡಿ ಆಮೇಲೆ ನನ್ನನ್ನು ನೋಡುತ್ತಾರೆ. ಐದಡಿ ಐದಿಂಚು, ಮೇಲೆ ಹೊಟ್ಟೆ ಬೇರೆ. ಮತ್ತೊಂದು ಸಲ ಬೀರು ನೋಡುತ್ತಾರೆ. ಆಗ ಬರುತ್ತದೆ ಪ್ರಶ್ನೆ: “ಸರ್, ನೀವು ಎಲ್ಲಿವರೆಗೆ ಆಡಿದ್ರಿ?”

ನಾನು ತೀರ್ಥಹಳ್ಳಿ ಕಡೆಯವನು. ಶಿವಮೊಗ್ಗ ಜಿಲ್ಲೆಯದೇ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹುಡುಗರ ಬಾಯಲ್ಲಿ ಪಿ.ಡಿ. ಸರ್. ಈ ಪ್ರಶ್ನೆಯನ್ನು ಹೊಸ ಹುಡುಗರು ಕೇಳುತ್ತಾರೆ, ಅವರ ಅಪ್ಪಂದಿರು ಕೇಳುತ್ತಾರೆ, ವರ್ಗವಾಗಿ ಬಂದ ಪ್ರಿನ್ಸಿಪಾಲರು ಟೀ ಕುಡಿಯುತ್ತಾ ಕೇಳುತ್ತಾರೆ. ಬಹಳ ವರ್ಷ ನಾನು “ಯೂನಿವರ್ಸಿಟಿವರೆಗೆ” ಅಂತ ಹೇಳಿ ಮಾತು ಬದಲಿಸುತ್ತಿದ್ದೆ. ಅದೇನು ಸುಳ್ಳಲ್ಲ. ಆದರೆ ಪೂರ್ತಿ ಉತ್ತರ ಬೇರೆ. ನಾನು ಆಡಿದ್ದು ಬೆಂಚಿನವರೆಗೆ.

ನಡೆದದ್ದು ಇಷ್ಟು. ತೊಂಬತ್ತರ ದಶಕದಲ್ಲಿ ನಾನು ಯೂನಿವರ್ಸಿಟಿ ಟೀಮಿಗೆ ಆಯ್ಕೆಯಾದೆ. ಹನ್ನೆರಡು ಜನರಲ್ಲಿ ಹನ್ನೆರಡನೆಯವನು. ಯೂನಿವರ್ಸಿಟಿ ಪರವಾಗಿ ಆಡುವವರನ್ನು ‘ಬ್ಲೂ’ ಅನ್ನುತ್ತಾರೆ. ನಾನೂ ಬ್ಲೂ ಅನ್ನಿಸಿಕೊಂಡೆ, ಊರಲ್ಲಿ ದೊಡ್ಡ ಸುದ್ದಿಯಾಯಿತು. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ರಾತ್ರಿಯಿಡೀ ರೈಲಲ್ಲಿ ಹೋದೆವು. ಅಲ್ಲಿ ನಾನು ಒಟ್ಟು ಆಡಿದ್ದು ಒಂದೇ ಒಂದು ಸರ್ವಿಸ್. ಮ್ಯಾಚು ಕೈಬಿಟ್ಟಾಗಿತ್ತು, ನಾಲ್ಕನೇ ಸೆಟ್ ನಡೀತಿತ್ತು. “ಹೋಗು, ನೀನೂ ಒಂದು ಹೊಡಿ” ಅಂತ ಕೋಚ್ ಕಳಿಸಿದರು. ಕೈ ನಡುಗುತ್ತಿತ್ತು. ಬಾಲು ಸೀದಾ ನೆಟ್ಟಿಗೆ ಹೋಗಿ ಬಿತ್ತು. ವಾಪಸ್ ಕರೆದರು. ಬಂದು ಕೂತೆ.

ಆಗ ಹಳೇ ಲೆಕ್ಕ. ಸರ್ವಿಸ್ ಯಾರ ಕೈಲಿದೆಯೋ ಅವರಿಗೆ ಮಾತ್ರ ಪಾಯಿಂಟ್, ಸೆಟ್ಟಿಗೆ ಹದಿನೈದು. ಸರ್ವಿಸ್ ತಪ್ಪಿದರೆ ಬಾಲ್ ಎದುರಿನವರಿಗೆ ಹೋಗುತ್ತಿತ್ತು, ಪಾಯಿಂಟ್ ಹೋಗುತ್ತಿರಲಿಲ್ಲ. ಐದನೇ ಸೆಟ್ ಮಾತ್ರ ಬೇರೆ. 1999ರಲ್ಲಿ ಈಗಿನ 25 ಪಾಯಿಂಟಿನ ಪದ್ಧತಿ ಬಂತು. ಪ್ರತಿ ರ‍್ಯಾಲಿಗೂ ಯಾರಿಗಾದರೂ ಒಬ್ಬರಿಗೆ ಪಾಯಿಂಟ್. ನನ್ನದು ಹಳೇ ಲೆಕ್ಕದ ನಾಲ್ಕನೇ ಸೆಟ್. ಹಾಗಾಗಿ ನನ್ನ ಆ ಒಂದು ಸರ್ವಿಸ್ ಸ್ಕೋರ್ ಶೀಟಿನಲ್ಲಿ ಯಾರಿಗೂ ನಷ್ಟ ಮಾಡಿಲ್ಲ. ಇದನ್ನು ನೆನೆಸಿಕೊಂಡು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ.

ಆದರೆ ಅದೇ ಟೂರ್ನಿಯಲ್ಲಿ ಇನ್ನೊಂದು ಆಯಿತು. ಮೊದಲ ದಿನ ನಾನು ಬೆಂಚಿನ ತುದಿಯಲ್ಲಿ ಉಗುರು ಕಚ್ಚುತ್ತಾ ಕೂತಿದ್ದೆ. ಕೋಚ್ ಒಂದು ಎರಡು ರೂಪಾಯಿಯ ನೋಟ್‌ಬುಕ್ ಕೈಗೆ ಕೊಟ್ಟು, “ಸುಮ್ನೆ ಕೂರಬೇಡ ಮಾರಾಯ. ಅವರು ಹೊಡೆದದ್ದು ನಮ್ಮ ಕೋರ್ಟಲ್ಲಿ ಎಲ್ಲೆಲ್ಲಿ ಬೀಳುತ್ತೆ, ಬರಿ” ಅಂದರು. ಪುಟಕ್ಕೊಂದು ಚೌಕ ಬರೆದು, ಬಾಲ್ ಬಿದ್ದಲ್ಲೆಲ್ಲ ಚುಕ್ಕಿ ಇಡುತ್ತಾ ಹೋದೆ. ಸೆಟ್ ಮುಗಿದಾಗ ನೋಡಿದರೆ ಚುಕ್ಕಿಗಳು ಹಂಚಿಕೊಂಡಿರಲೇ ಇಲ್ಲ. ಎಡಗಡೆ ಹಿಂದಿನ ಮೂಲೆಯಲ್ಲಿ ಇರುವೆ ಗೂಡಿನ ಹಾಗೆ ಕೂತಿದ್ದವು. ಅದಕ್ಕಿಂತ ಜಾಸ್ತಿ ಆಶ್ಚರ್ಯ ಆಗಿದ್ದು ಇನ್ನೊಂದು. ನಾವು ಕಳೆದುಕೊಂಡ ಪಾಯಿಂಟುಗಳಲ್ಲಿ ಅರ್ಧಕ್ಕೆ ಚುಕ್ಕಿಯೇ ಇರಲಿಲ್ಲ. ಅವರು ಹೊಡೆದು ಗೆದ್ದದ್ದಲ್ಲ, ನಾವೇ ಕೆಡಿಸಿಕೊಂಡದ್ದು. ಒಳಗೆ ಆಡುತ್ತಿದ್ದ ಆರು ಜನರಿಗೆ ಇದು ಗೊತ್ತಿರಲಿಲ್ಲ. ಅವರೆಲ್ಲ “ಆ ಉದ್ದದವನ ಸ್ಮ್ಯಾಶ್ ತಡೆಯಕ್ಕಾಗ್ತಿಲ್ಲ” ಅಂತಲೇ ಹೇಳುತ್ತಿದ್ದರು. ಆ ಉದ್ದದವನ ಪಾಲಿಗೆ ನನ್ನ ಪುಸ್ತಕದಲ್ಲಿ ಇದ್ದದ್ದು ನಾಲ್ಕೇ ಚುಕ್ಕಿ.

ನಾನು ಕೋಚ್ ಆದದ್ದು ಆ ಪುಟದಿಂದ. ಬಿಪಿಎಡ್, ಎಂಪಿಎಡ್ ಅಂತ ದೈಹಿಕ ಶಿಕ್ಷಣದ ಡಿಗ್ರಿಗಳು, ವರ್ಷಗಟ್ಟಲೆ ಅತಿಥಿ ಉಪನ್ಯಾಸಕನ ಕೆಲಸ, ಆಮೇಲೆ ನೌಕರಿ ಕಾಯಂ ಆದದ್ದು, ಇವೆಲ್ಲ ಎಲ್ಲರ ಕತೆಯೇ.

ಕೆಲಸಕ್ಕೆ ಸೇರಿದ ಮೊದಲ ಜೂನ್‌ನಲ್ಲೇ ಗೊತ್ತಾಯಿತು, ಮಲೆನಾಡಿನಲ್ಲಿ ವಾಲಿಬಾಲ್ ಕಲಿಸುವವನು ಮೊದಲು ಮಳೆಯ ಜೊತೆ ಒಪ್ಪಂದಕ್ಕೆ ಬರಬೇಕು ಅಂತ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ. ನಮ್ಮ ಕಾಲೇಜಿರುವ ಕಡೆ ಅಷ್ಟಿಲ್ಲ, ಆದರೂ ಜೂನ್ ಕೊನೆಗೆ ಗ್ರೌಂಡು ಗದ್ದೆಯಾಗುತ್ತದೆ. ಒಳಾಂಗಣ ಇಲ್ಲ. ಇದ್ದದ್ದು ಸೈಕಲ್ ಸ್ಟ್ಯಾಂಡು. ಉದ್ದಕ್ಕೆ ಶೀಟ್ ಹೊದೆಸಿದ ಶೆಡ್ಡು, ಕೈ ಎತ್ತಿ ಹಾರಿದರೆ ಬೆರಳಿಗೆ ಶೀಟು ಸಿಗುವಷ್ಟು ಎತ್ತರ. ಅಲ್ಲಿ ಸ್ಮ್ಯಾಶ್ ಇಲ್ಲ, ಸರ್ವಿಸ್ ಇಲ್ಲ. ಬಾಲ್ ಸ್ವಲ್ಪ ಎತ್ತರ ಹೋದರೂ ಶೀಟಿಗೆ ಬಡಿದು ‘ಧಡ್’ ಅನ್ನುತ್ತಿತ್ತು, ಪಕ್ಕದ ಕ್ಲಾಸಿನಿಂದ ಲೆಕ್ಚರರು ತಲೆ ಹೊರಗೆ ಹಾಕುತ್ತಿದ್ದರು. ಆ ಭಯಕ್ಕೇ ಹುಡುಗರು ಅಂಡರ್‌ಹ್ಯಾಂಡ್ ಪಾಸನ್ನು ತಗ್ಗಿಸಿ, ಚಪ್ಪಟೆಯಾಗಿ, ಲಿಫ್ಟರ್ (ಸ್ಮ್ಯಾಶಿಗೆ ಬಾಲ್ ಎತ್ತಿಕೊಡುವವನು) ಕೈಗೆ ಸೀದಾ ಕೊಡುವುದನ್ನು ಕಲಿತರು. ಮೂರು ತಿಂಗಳು ಅದೇ. ಮಳೆ ನಿಂತ ಮೇಲೆ ಹೊರಗೆ ಬಂದರೆ ನಮ್ಮ ಪಾಸು ಬೇರೆ ಕಾಲೇಜುಗಳದ್ದಕ್ಕಿಂತ ಬೇಗ ಹೋಗುತ್ತಿತ್ತು. ಎದುರಿನವರು ಬ್ಲಾಕಿಗೆ ಬಂದು ನಿಲ್ಲುವ ಮೊದಲೇ ನಮ್ಮ ಲಿಫ್ಟರ್ ಬಾಲ್ ಎತ್ತಿಕೊಟ್ಟಾಗಿರುತ್ತಿತ್ತು. “ಈ ಸ್ಪೀಡ್ ಆಟ ಎಲ್ಲಿ ಕಲಿಸಿದ್ರಿ ಸರ್, ಪಟಿಯಾಲಾದಲ್ಲಿ ಕಲ್ತು ಬಂದ್ರಾ?” ಅಂತ ಒಬ್ಬರು ಕೇಳಿದ್ದರು. ಪಟಿಯಾಲಾ ಅಂದರೆ ಕೋಚ್‌ಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇರುವ ಊರು. ಸೈಕಲ್ ಸ್ಟ್ಯಾಂಡ್ ಅಂದರೆ ನಂಬಲಿಲ್ಲ.

ಜೋರು ಸರ್ವಿಸ್ ರಿಸೀವ್ ಮಾಡುವುದನ್ನು ಕಲಿಸುವುದು ಕಷ್ಟ. ಪುಸ್ತಕದ ಭಾಷೆಯಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ. ಹೊಸನಗರ, ಸಾಗರ ಕಡೆಯ ಮಕ್ಕಳಿಗೆ ನಾನು ಅಡಿಕೆ ಕೊನೆ, ಅಂದರೆ ಗೊನೆ, ಹಿಡಿಯುವುದನ್ನು ನೆನಪಿಸುತ್ತೇನೆ. ಕೊನೆಗಾರ ಮರದ ಮೇಲಿಂದ ಕೊನೆಯನ್ನು ಹಗ್ಗದಲ್ಲಿ ಜಾರಿಸಿ ಬಿಡುತ್ತಾನೆ. ಕೆಳಗೆ ಹಿಡಿಯುವವನು ಕೈ ಗಟ್ಟಿ ಮಾಡಿ ನಿಂತರೆ ಅಡಿಕೆ ಎಲ್ಲ ಉದುರಿ ಹೋಗುತ್ತದೆ. ಮಂಡಿ ಸ್ವಲ್ಪ ಬಾಗಿಸಿ, ಬರುವ ಭಾರದ ಜೊತೆ ತಾನೂ ಒಂದು ಗೇಣು ಹಿಂದೆ ಹೋಗಬೇಕು. “ಬಾಲನ್ನೂ ಹಾಗೇ ಹಿಡಿ” ಅಂದರೆ ಸಾಕು, ಎರಡನೇ ದಿನಕ್ಕೆ ಸರಿಹೋಗುತ್ತಾರೆ. ಪೇಟೆ ಹುಡುಗರಿಗೆ ಮಾತ್ರ ಇದು ಆಗಲ್ಲ. ಅವರಿಗೆ ಒಂದು ತಿಂಗಳು ಬೇಕು.

ಮಾತು ಕಮ್ಮಿ ಮಾಡುವುದನ್ನು ನನಗೆ ಕಲಿಸಿದ್ದು ಒಬ್ಬಳು ಹುಡುಗಿ. ಟೈಮ್‌ಔಟ್ ಅಂದರೆ ಮೂವತ್ತು ಸೆಕೆಂಡು, ಸೆಟ್ಟಿಗೆ ಎರಡೇ. ಮೊದಲ ವರ್ಷ ಕುವೆಂಪು ಯೂನಿವರ್ಸಿಟಿ ಇರುವ ಶಂಕರಘಟ್ಟದಲ್ಲಿ ನಮ್ಮ ಹುಡುಗಿಯರ ಮ್ಯಾಚು. ಸ್ಕೋರು ಹದಿನೆಂಟು-ಹತ್ತೊಂಬತ್ತು ಇದ್ದಾಗ ಟೈಮ್‌ಔಟ್ ಕೇಳಿ, ಬ್ಲಾಕ್ ಬಗ್ಗೆ, ರೊಟೇಶನ್ ಬಗ್ಗೆ, ಅವರ ಮೂರನೇ ನಂಬರಿನವಳ ಬಗ್ಗೆ ಒಂದೇ ಉಸಿರಲ್ಲಿ ಹೇಳಿದೆ. ಎಲ್ಲರೂ ತಲೆ ಆಡಿಸಿದರು. ಕೊನೆಗೆ “ಏನಾದ್ರೂ ಡೌಟಾ?” ಅಂದೆ. ಕ್ಯಾಪ್ಟನ್ ಮೆಲ್ಲಗೆ, “ಸರ್, ನೀರು ಕುಡಿಲಾ?” ಅಂದಳು. ಅಷ್ಟರಲ್ಲಿ ಸೀಟಿ ಊದಿದರು. ನೀರೂ ಕುಡಿಯಲಿಲ್ಲ, ಸೆಟ್ಟೂ ಹೋಯಿತು. ಈಗ ಮೊದಲು ನೀರು, ಆಮೇಲೆ ಒಂದೇ ಒಂದು ಮಾತು.

ಬೆಂಚಿನಿಂದ ಬಂದವನಲ್ವಾ, ನನಗೆ ಬೆಂಚಿನ ಮೇಲೆ ಕೂತವರ ಬಗ್ಗೆ ಪಕ್ಷಪಾತ ಇದೆ. ನಮ್ಮ ಟೀಮಿನಲ್ಲಿ ಕೂತವರೆಲ್ಲರ ಕೈಯಲ್ಲಿ ಒಂದೊಂದು ಪೆನ್ಸಿಲ್ ಇರುತ್ತದೆ. ಪೆನ್ ಕೊಡಲ್ಲ, ಮಳೆ ಹನಿ ಬಿದ್ದರೆ ಇಂಕು ಹರಡುತ್ತದೆ. ಒಬ್ಬರಿಗೆ ಅವರ ಸರ್ವಿಸ್, ಒಬ್ಬರಿಗೆ ನಮ್ಮ ರಿಸೀವ್, ಒಬ್ಬರಿಗೆ ನಮ್ಮ ತಪ್ಪು. ಒಂದು ವರ್ಷ ಎತ್ತರ ಕಡಿಮೆ ಅಂತ ಇಡೀ ಟೂರ್ನಿ ಕೂತೇ ಇದ್ದ ಒಬ್ಬಳಿದ್ದಳು. ಸೆಮಿಫೈನಲ್ಲಿನ ಎರಡನೇ ಸೆಟ್ ನಡುವೆ ನನ್ನ ತೋಳು ಎಳೆದು, “ಸರ್, ಅವರ ಲಿಫ್ಟರ್ ಹಿಂದಕ್ಕೆ ಪಾಸ್ ಕೊಡೋ ಮುಂಚೆ ಬಲಗಾಲು ಚೂರು ಮುಂದೆ ಇಡ್ತಾಳೆ” ಅಂದಳು. ನಾನು ನೋಡಿದೆ, ನನಗೆ ಕಾಣಲಿಲ್ಲ. “ಈಗ... ಈಗ ನೋಡಿ” ಅಂದಳು. ಹೌದು, ನಾಲ್ಕು ಬೆರಳಿನಷ್ಟು. ಟೈಮ್‌ಔಟ್ ತೆಗೆದುಕೊಂಡೆ. ನೀರು ಕುಡಿಸಿ, ಹೇಳುವ ಕೆಲಸ ಅವಳಿಗೇ ಬಿಟ್ಟೆ. ನಂತರ ನಮ್ಮ ಬ್ಲಾಕ್ ಕಾಲು ನೋಡಿ ಓಡತೊಡಗಿತು. ಆ ಮ್ಯಾಚ್ ಗೆದ್ದೆವು. ಫೈನಲ್ ಸೋತೆವು, ಆ ಮಾತು ಬೇರೆ. ಅವಳು ಈಗ ಒಂದು ಹೈಸ್ಕೂಲಿನಲ್ಲಿ ಪಿಇ ಟೀಚರ್.

ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯ ಹುಡುಗಿಯರ ಟೀಮಿಗೆ ರಸ್ ರೋಸ್ ಅಂತ ಒಬ್ಬರು ಕೋಚ್ ಇದ್ದರು. 1979ರಿಂದ 2021ರವರೆಗೆ ಒಂದೇ ಕಡೆ. ಏಳು ರಾಷ್ಟ್ರೀಯ ಪ್ರಶಸ್ತಿ. ನಡುವೆ ಒಮ್ಮೆ ಸತತ 109 ಮ್ಯಾಚು ಸೋಲಲೇ ಇಲ್ಲ. ಅವರು ಓದುವ ಕಾಲದಲ್ಲಿ ಪ್ರಬಂಧ ಬರೆದದ್ದೇ ವಾಲಿಬಾಲಿನ ಅಂಕಿಅಂಶಗಳ ಮೇಲೆ. ಇದನ್ನು ಓದಿದ ದಿನ ನನಗೆ ಒಳಗೊಳಗೇ ಖುಷಿಯಾಯಿತು. ಅವರ ಸ್ಕಾಲರ್‌ಶಿಪ್ಪು, ಒಳಾಂಗಣ, ಹಿಂದೆ ಓಡಾಡುವ ಸಹಾಯಕರು ಇವೆಲ್ಲ ನಮಗೆ ಕನಸಲ್ಲೂ ಇಲ್ಲ. ನಮ್ಮ ಹುಡುಗಿಯರಿಗೆ ಸಂಜೆ ಐದೂವರೆಯ ಕೊನೆ ಬಸ್ಸು ತಪ್ಪಬಾರದು, ಅದೇ ನಮ್ಮ ಟೈಮ್‌ಟೇಬಲ್. ಆದರೆ ಲೆಕ್ಕ ಬರೆಯುವ ಪುಸ್ತಕ ಅವರಿಗೂ ನಮಗೂ ಒಂದೇ ಅಲ್ವಾ.

ಇಷ್ಟೆಲ್ಲ ಬರೆಯುವವನು ಒಂದನ್ನು ಬರೆಯಲಿಲ್ಲ. ಅದನ್ನೂ ಹೇಳಬೇಕು. ಒಬ್ಬ ಆರಡಿ ಹುಡುಗ ಬಂದಿದ್ದ. ನೆಟ್ಟಿನ ಎತ್ತರ 2.43 ಮೀಟರ್, ಹಾರಿದರೆ ಅವನ ಮೊಣಕೈ ಅದರ ಮೇಲೆ ಬರುತ್ತಿತ್ತು. ಸುಗ್ಗಿ ಮುಗಿದ ಮೇಲೆ ನಮ್ಮಲ್ಲಿ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆಯುತ್ತವೆ. ಗದ್ದೆ ಒಣಗಿ ಕಲ್ಲಾಗಿರುತ್ತದೆ, ಅಡಿಕೆ ಮರದ ಕಂಬಕ್ಕೆ ನೆಟ್ ಕಟ್ಟಿರುತ್ತಾರೆ, ಬೆಳಗಿನ ಜಾವ ನಾಲ್ಕಕ್ಕೆ ಫೈನಲ್. ಇವನನ್ನು ಎಲ್ಲ ಊರವರೂ ಬೈಕಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದರು. ನನಗೆ ಗೊತ್ತಿತ್ತು. ಆಟ ಪಳಗಲಿ ಅಂತ ಸುಮ್ಮನಿದ್ದೆ. ಮಾರನೇ ದಿನ ಪ್ರಾಕ್ಟೀಸಲ್ಲಿ ನಾನೂ ಅವನನ್ನು ಹಾರಿಸಿದೆ. ಎದುರಾಳಿಯ ಚುಕ್ಕಿ ಎಣಿಸುವ ನಾನು ಇವನು ವಾರಕ್ಕೆ ಎಷ್ಟು ಸಲ ಹಾರುತ್ತಾನೆ ಅಂತ ಎಣಿಸಲಿಲ್ಲ. ಮಂಡಿ ಹೋಯಿತು. ಈಗ ಅವನು ತೋಟ ನೋಡಿಕೊಂಡಿದ್ದಾನೆ. ಸಿಕ್ಕಾಗ ನಗುತ್ತಾನೆ, ಮಾತಾಡಿಸುತ್ತಾನೆ. ಕುಕ್ಕರಗಾಲಲ್ಲಿ ಕೂರಲು ಮಾತ್ರ ಆಗುವುದಿಲ್ಲ. ಅವನ ನಂತರ ನನ್ನ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿದೆ: ಯಾರು, ಎಷ್ಟು ಹಾರಿದರು.

ಅಪ್ಪಂದಿರ ಎರಡನೇ ಪ್ರಶ್ನೆ “ಇದರಿಂದ ಏನು ಸಿಗುತ್ತೆ?” ರೈಲ್ವೆ, ಪೊಲೀಸ್, ಸೇನೆ, ಕ್ರೀಡಾ ಕೋಟಾದಲ್ಲಿ ಕೆಲವರಿಗೆ ಕೆಲಸ ಸಿಕ್ಕಿದೆ. 2022ರಿಂದ ಪ್ರೈಮ್ ವಾಲಿಬಾಲ್ ಲೀಗ್ ಶುರುವಾಗಿದೆ, ಬೆಂಗಳೂರಿನದೂ ಒಂದು ಟೀಮಿದೆ, ಟಿವಿಯಲ್ಲಿ ಬರುತ್ತದೆ. ಹೆಚ್ಚಿನವರಿಗೆ ಇದ್ಯಾವುದೂ ಸಿಗುವುದಿಲ್ಲ. ಅದನ್ನೂ ನಾನು ಮೊದಲೇ ಹೇಳುತ್ತೇನೆ. ಕೆಲವು ಅಪ್ಪಂದಿರು ಮಗನನ್ನು ಎಬ್ಬಿಸಿಕೊಂಡು ಹೋಗುತ್ತಾರೆ. ಹೋಗಲಿ.

ಮೊನ್ನೆ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಗಿತ್ತು. ಗ್ರೌಂಡಿನ ಒಂದು ಮೂಲೆ ಒಣಗಿದೆ ಅಂತ ನೆಟ್ ಕಟ್ಟಿದೆವು. ಫಸ್ಟ್ ಇಯರಿನ ಒಬ್ಬ ಹುಡುಗ ಬಾಲ್ ಹಿಡಿದು ಗೆರೆಯ ಹತ್ತಿರ ನಿಂತಿದ್ದ. ಸರ್ವಿಸ್ ಮಾಡುವುದು ಬಿಟ್ಟು, “ಸರ್, ನೀವು ಎಲ್ಲಿವರೆಗೆ ಆಡಿದ್ರಿ?” ಅಂದ.

“ಬೆಂಚಿನವರೆಗೆ” ಅಂದೆ.

ಅವನಿಗೆ ಅರ್ಥ ಆಗಲಿಲ್ಲ. “ಅಂದ್ರೆ ಸ್ಟೇಟ್ ಲೆವೆಲ್ಲಾ ಸರ್?”

“ಮೊದ್ಲು ಸರ್ವಿಸ್ ಹೊಡಿ ಮಾರಾಯ, ಮತ್ತೆ ಮಳೆ ಬರುತ್ತೆ” ಅಂದೆ. ಹೊಡೆದ. ನೆಟ್ಟಿಗೆ ಬಿತ್ತು.