ಕುರ್ಚಿಯಲ್ಲಿ ಕೂತು ಆಡಿದರೆ ಕಾಲಿಗೆ ಬಲ ಬರುತ್ತಾ?

ವಯಸ್ಸಾದವರನ್ನು ಕುರ್ಚಿಯಲ್ಲಿ ಕೂರಿಸಿ ಆಟ ಆಡಿಸುವುದು ನನ್ನ ಕೆಲಸ. ಹೀಗೆಂದ ತಕ್ಷಣ ಪ್ರಶ್ನೆ ಬಂದೇ ಬರುತ್ತದೆ. 'ಬಲೂನ್ ಒದ್ದರೆ ಕಾಲಿಗೆ ಶಕ್ತಿ ಬರುತ್ತಾ? ಇದೆಲ್ಲ ಸುಮ್ನೆ ಹೊತ್ತು ಕಳೆಯೋಕೆ ಅಲ್ವಾ?' ಹೀಗೆ ಕೇಳುವವರು ಹೆಚ್ಚಾಗಿ ಮಕ್ಕಳು, ಸೊಸೆಯಂದಿರು. ಅಜ್ಜ ಅಜ್ಜಿಯರ ಪ್ರಶ್ನೆಯೇ ಬೇರೆ. 'ಈ ವಯಸ್ಸಲ್ಲಿ ಇನ್ನೆಲ್ಲಿಂದ ಬರುತ್ತಪ್ಪಾ ಬಲ?'

ಅಜ್ಜ ಅಜ್ಜಿಯರಿಗೆ ಮೊದಲು ಉತ್ತರ ಹೇಳುತ್ತೇನೆ. ಬರುತ್ತದೆ. 1990ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಆರೈಕೆ ಕೇಂದ್ರದಲ್ಲಿದ್ದ, 90ರ ಆಸುಪಾಸಿನ 10 ಜನರಿಗೆ 8 ವಾರ ತೊಡೆಯ ಮುಂಭಾಗದ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಒಬ್ಬರು ನಡುವೆ ಬಿಟ್ಟರು. ಉಳಿದ 9 ಜನರ ಆ ಸ್ನಾಯುಗಳ ಬಲ ಸರಾಸರಿ ಶೇ. 174ರಷ್ಟು ಹೆಚ್ಚಾಯಿತು. 90ರ ಆಸುಪಾಸಿನವರ ಸ್ನಾಯು ಹೀಗೆ ಸ್ಪಂದಿಸುತ್ತದೆ ಎಂದ ಮೇಲೆ 70ರವರು 'ವಯಸ್ಸಾಯ್ತು' ಎನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಆದರೆ ಅಲ್ಲಿ ಅವರಿಗೆ ಎತ್ತಿಸಿದ್ದು ಭಾರ. ಹಾಗಾಗಿ ಮಕ್ಕಳ ಪ್ರಶ್ನೆಯಲ್ಲೂ ಹುರುಳಿದೆ. ಸ್ನಾಯು ದಣಿದರೆ ಮಾತ್ರ ಅದಕ್ಕೆ ಬಲ ಬರುವುದು. ಹರಟೆ ಹೊಡೆಯುತ್ತಾ ಎಷ್ಟು ಹೊತ್ತು ಬೇಕಾದರೂ ಮಾಡಬಹುದಾದ ಚಲನೆಯಿಂದ ಕೀಲು ಸಡಿಲವಾಗುತ್ತದೆ, ರಕ್ತ ಓಡುತ್ತದೆ, ಬಲ ಮಾತ್ರ ಹೆಚ್ಚುವುದಿಲ್ಲ. ಬಲೂನಿಗೆ ತೂಕವೇ ಇಲ್ಲ. ತೂಕ ಇರುವುದು ಕಾಲಿಗೆ. 60 ಕೆಜಿ ಇರುವವರಿಗೆ ಮಂಡಿಯಿಂದ ಕೆಳಗಿನ ಭಾಗವೇ ಸುಮಾರು ಮೂರೂವರೆ ಕೆಜಿ. ಅದನ್ನು ನೇರವಾಗಿ ಚಾಚಿ ಹಿಡಿದು ಹತ್ತು ಎಣಿಸಿ ನೋಡಿ. ಬಹಳ ದಿನ ಕಾಲು ಆಡಿಸದವರಿಗೆ ಐದಕ್ಕೇ ತೊಡೆ ನಡುಗುತ್ತದೆ.

ಆಟದ ಕೆಲಸ ಇಲ್ಲಿಂದ ಶುರು. 'ಕಾಲು ಚಾಚಿ, ಹತ್ತು ಎಣಿಸಿ' ಎಂದರೆ ನಾಲ್ಕನೇ ಸಲಕ್ಕೆ 'ಸಾಕು ಬಿಡಿ' ಅನ್ನುತ್ತಾರೆ. ಅದನ್ನೇ ಆಟ ಮಾಡಿದರೆ ಲೆಕ್ಕವೇ ಮರೆತುಹೋಗುತ್ತದೆ. ನಾವು ಐದಾರು ಕುರ್ಚಿ ಸುತ್ತ ಹಾಕಿ ಬಲೂನ್ ಬಿಡುತ್ತೇವೆ. ಚೆಂಡಾದರೆ ಸರ್ರನೆ ಬಂದು ಹೋಗಿಬಿಡುತ್ತದೆ. ಬಲೂನ್ ನಿಧಾನವಾಗಿ ಇಳಿಯುತ್ತದೆ, ನಿಧಾನದ ಕಾಲಿಗೂ ಸಿಗುತ್ತದೆ. ನಿಯಮ ಒಂದೇ: ಒದ್ದವರು, ಬಲೂನ್ ಇನ್ನೊಬ್ಬರ ಕಾಲಿಗೆ ತಾಗುವ ತನಕ ಚಾಚಿದ ಕಾಲನ್ನು ಇಳಿಸುವಂತಿಲ್ಲ. ಬಲೂನ್ ಎಲ್ಲೋ ಫ್ಯಾನಿನ ಗಾಳಿಗೆ ಸಿಕ್ಕಿ ತೇಲಾಡುತ್ತಿರುತ್ತದೆ. ಇತ್ತ ಒದ್ದ ಅಜ್ಜ ಕಾಲು ಚಾಚಿಕೊಂಡು 'ಏ, ಬೇಗ ಒದಿಯಮ್ಮಾ, ನನ್ನ ಕಾಲು ಬಿದ್ದುಹೋಗುತ್ತೆ!' ಎಂದು ಕೂಗುತ್ತಿರುತ್ತಾರೆ. ಎದುರಿನ ಅಜ್ಜಿ ಬೇಕಂತಲೇ ತಡ ಮಾಡುತ್ತಾರೆ. ಆ ತಡ ಇದೆಯಲ್ಲ, ವ್ಯಾಯಾಮ ಅಂದರೆ ಅದೇ. ಆ ನಿಯಮ ತೆಗೆದುಬಿಟ್ಟರೆ ಅದು ನಿಜಕ್ಕೂ ಹೊತ್ತು ಕಳೆಯುವ ಆಟವೇ. ರಬ್ಬರ್ ಅಲರ್ಜಿ ಇರುವವರಿದ್ದರೆ ಬಲೂನ್ ಬೇಡ, ಗಾಳಿ ತುಂಬಿದ ಹಗುರ ಪ್ಲಾಸ್ಟಿಕ್ ಚೆಂಡು, ಅಂದರೆ ಬೀಚ್ ಬಾಲ್ ಸಾಕು.

ಇನ್ನೊಂದು, ಕಾಗದದ ಆಟ. ಬರಿಗಾಲಲ್ಲಿ ಕೂತು, ಹಳೆ ಪತ್ರಿಕೆಯ ಒಂದು ಹಾಳೆಯನ್ನು ಕಾಲ್ಬೆರಳುಗಳಿಂದಲೇ ಮುದುರಿ ಉಂಡೆ ಮಾಡಬೇಕು, ಆಮೇಲೆ ಎದುರಿಗೆ ಅಡ್ಡ ಮಲಗಿಸಿದ ಬಕೆಟ್‌ಗೆ ಒದೆಯಬೇಕು. ಕೇಳುವುದಕ್ಕೆ ಸುಲಭ. ಮಾಡಿ ನೋಡಿ, ಪಾದದ ಅಡಿಭಾಗ ಹಿಡಿದುಕೊಂಡುಬಿಡುತ್ತದೆ. ಮಧುಮೇಹದಿಂದ ಪಾದ ಜೋಮು ಹಿಡಿದವರಿಗೆ ಬರಿಗಾಲ ಆಟ ಬೇಡ, ಗಾಯವಾದರೂ ಗೊತ್ತಾಗುವುದಿಲ್ಲ.

ಪಾದ ಕಾಲಿಗೆ ಸೇರುವ ಗಿಣ್ಣಿಗೆ ನನ್ನ ಮೆಚ್ಚಿನದು ಗಾಳಿಯಲ್ಲಿ ಬರೆಯುವುದು. ಹೆಬ್ಬೆರಳೇ ಪೆನ್ನು. 'ಅ' ಬರೆದರೆ ಸಾಕು, ಪಾದ ಎಲ್ಲ ದಿಕ್ಕಿಗೂ ತಿರುಗಿರುತ್ತದೆ. ಒಬ್ಬರು ಕಾಲಲ್ಲಿ ಹೆಸರು ಬರೆಯಬೇಕು, ಉಳಿದವರು ಊಹಿಸಬೇಕು. ಊಹೆ ಸರಿಯಾಗುವುದು ಅಪರೂಪ, ನಗು ಮಾತ್ರ ಖಾತ್ರಿ. ಮಂಡಿಗಳ ನಡುವೆ ದಿಂಬು ಇಟ್ಟು ಒತ್ತಿ ಹಿಡಿಯುವುದು, ಒಳತೊಡೆಗೆ. ಕೂತಲ್ಲೇ ಹಾಡಿಗೆ ಕವಾಯತು ಮಾಡುವುದು, ಮಂಡಿ ಮೇಲೆತ್ತುವ ಸ್ನಾಯುಗಳಿಗೆ.

ಹಿಮ್ಮಡಿ ಊರಿ ಪಾದದ ಮುಂಭಾಗ ಎತ್ತುವುದನ್ನು ಮಾತ್ರ ಯಾರೂ ಬಿಡಬಾರದು. ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಪಕ್ಕದ ಸ್ನಾಯು ಸೋತರೆ ನಡೆಯುವಾಗ ಬೆರಳು ಮೇಲೇಳುವುದಿಲ್ಲ. ಚಾಪೆಯ ಅಂಚಿಗೆ, ಹೊಸ್ತಿಲಿಗೆ ಎಡವುವುದು ಆಗಲೇ. ಜೊತೆಗೆ ಬೆರಳು ಊರಿ ಹಿಮ್ಮಡಿಯನ್ನೂ ಎತ್ತಿ. ಮೀನಖಂಡ ಹಿಂಡಿದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ಹೋಗುತ್ತದೆ. ಕೂತೇ ಇದ್ದು ಪಾದ ಊದುವವರಿಗೆ ಇದರಿಂದ ಅನುಕೂಲ.

ಇವೆಲ್ಲಕ್ಕಿಂತ ದೊಡ್ಡದು ಕುರ್ಚಿಯಿಂದ ಏಳುವುದು. ಕೂತು ಮಾಡುವ ವ್ಯಾಯಾಮ ಎಂದಾಗ ಇದನ್ನೇ ಬಿಟ್ಟುಬಿಡುತ್ತಾರೆ. ಶೌಚಕ್ಕೆ ಹೋಗಬೇಕು, ಹಾಸಿಗೆ ಬಿಡಬೇಕು, ಬಾಗಿಲು ತೆಗೆಯಬೇಕು, ಎಲ್ಲಕ್ಕೂ ಮೊದಲು ಎದ್ದೇಳಬೇಕಲ್ಲ? ನಾವು ಇದಕ್ಕೆ ಕಥೆ ಹೇಳುತ್ತೇವೆ. ಕಥೆಯಲ್ಲಿ 'ರಾಜ' ಎಂದಾಗ ಏಳಬೇಕು, 'ರಾಣಿ' ಎಂದಾಗ ಕಾಲು ಬಡಿಯಬೇಕು, 'ಕುದುರೆ' ಎಂದಾಗ ಹಿಮ್ಮಡಿ ಕುಣಿಸಬೇಕು. ಕಥೆ ಹೇಳುವವರು ಸ್ವಲ್ಪ ಕಿಲಾಡಿಯಾದರೆ ರಾಜ ಪದೇ ಪದೇ ಬರುತ್ತಾನೆ. ಕೂರುವಾಗ ದೊಪ್ಪನೆ ಬೀಳಬಾರದು, ಮೂರು ಎಣಿಸುತ್ತಾ ಇಳಿಯಬೇಕು. ಇಳಿಯುವಾಗಲೂ ತೊಡೆಗೆ ಒಳ್ಳೆ ಕೆಲಸ ಸಿಗುತ್ತದೆ. ಏಳಲು ಕಷ್ಟವಾದರೆ ಗಟ್ಟಿ ದಿಂಬು ಹಾಕಿ ಕುರ್ಚಿ ಎತ್ತರ ಮಾಡಿ, ಅಥವಾ ಕೈಗಳನ್ನೂ ಊರಲಿ. ಅದೂ ಆಗದವರು ಎರಡೂ ಪಾದ ನೆಲಕ್ಕೆ ಬಲವಾಗಿ ಒತ್ತಿ, ಐದು ಎಣಿಸಿ ಬಿಡಲಿ. ಏಳದಿದ್ದರೂ ತೊಡೆ ಬಿಗಿಯಾಗಿರುತ್ತದೆ, ಮುಟ್ಟಿ ನೋಡಿ.

ಕುರ್ಚಿಗೆ ಚಕ್ರ ಇರಬಾರದು, ಬೆನ್ನು ಗೋಡೆಗೆ ತಾಗಿರಬೇಕು, ಕೂತವರ ಪಾದ ಪೂರ್ತಿ ನೆಲಕ್ಕೆ ಸಿಗಬೇಕು. ಎಣಿಕೆ ಜೋರಾಗಿ ಇರಲಿ. ಬಾಯಿಬಿಟ್ಟು ಎಣಿಸುವವರು ಉಸಿರು ಬಿಗಿಹಿಡಿಯಲಾರರು. ಉಸಿರು ಕಟ್ಟಿ ಬಲ ಹಾಕಿದರೆ ಬಿಪಿ ಏರುತ್ತದೆ. ಎದ್ದ ಕೂಡಲೇ ತಲೆ ತಿರುಗುವವರು ಕೂತಲ್ಲೇ ನಾಲ್ಕು ಸಲ ಪಾದ ಆಡಿಸಿ ಆಮೇಲೆ ಏಳಲಿ. ಎದೆ ನೋವು ಬಂದರೆ ಆಟ ಅಲ್ಲಿಗೇ ನಿಲ್ಲಬೇಕು. ಸೊಂಟದ ಕೀಲು ಬದಲಿಸಿಕೊಂಡವರು ಯಾವ ಚಲನೆ ಬೇಡ ಎಂದು ವೈದ್ಯರನ್ನು ಕೇಳಿಯೇ ಶುರು ಮಾಡಲಿ. ಮರುದಿನ ತೊಡೆ ಸ್ವಲ್ಪ ನೋಯುವುದು ಸಹಜ, ಮಂಡಿ ಊದುವುದು ಸಹಜವಲ್ಲ. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಆಟವೂ ಬೇಡ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ವಾರಕ್ಕೆ ಎಷ್ಟು ದಿನ? 65 ದಾಟಿದವರು ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ವಾರಕ್ಕೆ ಕನಿಷ್ಠ 2 ದಿನ, ಸಮತೋಲನದ ಅಭ್ಯಾಸ ಸೇರಿದ ವ್ಯಾಯಾಮವನ್ನು 3 ದಿನ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಈ ಸಮತೋಲನದ ಪಾಲು ಕೂತಲ್ಲಿ ಅಷ್ಟಾಗಿ ಸಿಗುವುದಿಲ್ಲ. ನಿಲ್ಲಬಲ್ಲವರು ಗಟ್ಟಿಯಾದುದೇನನ್ನಾದರೂ ಹಿಡಿದು ನಿಂತೂ ಅಭ್ಯಾಸ ಮಾಡಲೇಬೇಕು.

ಬಲ ಬಂತೋ ಇಲ್ಲವೋ ಎಂದು ನನ್ನನ್ನು ಕೇಳಬೇಕಾಗಿಲ್ಲ. ಸುಮಾರು 43 ಸೆಂಟಿಮೀಟರ್ ಎತ್ತರದ ಕುರ್ಚಿ, ಎದೆಯ ಮೇಲೆ ಅಡ್ಡ ಕಟ್ಟಿದ ಕೈ, 30 ಸೆಕೆಂಡು. ಪೂರ್ತಿ ಎದ್ದು ನಿಂತದ್ದು ಎಷ್ಟು ಸಲ ಎಂದು ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 70ರಿಂದ 74ರ ಹೆಂಗಸರಿಗೆ 10ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಎಂದು ಲೆಕ್ಕ. ಕೈ ಊರಿದರೆ ಸೊನ್ನೆ. ಸೊನ್ನೆ ಬಂದವರು ಪಾದ ಒತ್ತುವುದರಿಂದ, ಎತ್ತರದ ಕುರ್ಚಿಯಿಂದ ಶುರು ಮಾಡಲಿ. ತಿಂಗಳು ಕಳೆದ ಮೇಲೆ ಅದೇ ಕುರ್ಚಿಯಲ್ಲಿ ಮತ್ತೆ ಎಣಿಸಿ.